ಕಣ್ಣಿಗೆ ಕಾಣದ ತಿರುಚಾಟ

1907ರಲ್ಲಿ ಲಂಡನ್–ಗ್ಲಾಸ್ಗೋ ದಾರಿಯಲ್ಲಿ ಬೆಳ್ಳಿ ಬಣ್ಣದ ರೋಲ್ಸ್ ರಾಯ್ಸ್ ಕಾರೊಂದು ಹಗಲಿರುಳು ಓಡಾಡುತ್ತಿತ್ತು. ಭಾನುವಾರ ಮಾತ್ರ ರಜೆ. 629 ಮೈಲಿ ಮುಗಿಸಿದ ಮೇಲೆ ಇದ್ದಕ್ಕಿದ್ದಂತೆ ನಿಂತುಬಿಟ್ಟಿತು. ನೋಡಿದರೆ, ರಸ್ತೆಯ ಕುಲುಕಾಟಕ್ಕೆ ಪೆಟ್ರೋಲ್ ಹರಿಸುವ ನಲ್ಲಿ ತಾನಾಗಿ ಮುಚ್ಚಿಕೊಂಡಿತ್ತು! ಅದನ್ನು ತಿರುಗಿಸಿ ಹೊರಟ ಕಾರು ಆಮೇಲೆ 14,371 ಮೈಲಿ ಒಮ್ಮೆಯೂ ಕೆಟ್ಟು ನಿಲ್ಲಲಿಲ್ಲ. ಅದೇ ಸಿಲ್ವರ್ ಗೋಸ್ಟ್. ಕಂಪನಿ ಆ ಮಾದರಿಗೆ ಇಟ್ಟ ಹೆಸರು 40/50. 1926ರ ತನಕ ತಯಾರಾದವು ಎಂಟು ಸಾವಿರಕ್ಕೂ ಕಡಿಮೆ.

ಹಳೆಯ ಎಂಜಿನ್‌ಗಳನ್ನು ಬಿಚ್ಚಿ ಜೋಡಿಸುವ ನಮ್ಮಂಥವರಿಗೆ ಅದರ ದೀಪ, ಚರ್ಮದ ಆಸನಗಳಿಗಿಂತ ಹೊಟ್ಟೆಯೊಳಗಿನ ಕ್ರ್ಯಾಂಕ್‌ಶಾಫ್ಟ್ ಮೇಲೆಯೇ ಕಣ್ಣು. ಪಿಸ್ಟನ್‌ಗಳ ಏರಿಳಿತವನ್ನು ತಿರುಗಾಟವಾಗಿ ಬದಲಿಸುವ ಉದ್ದನೆಯ ಉಕ್ಕಿನ ದಂಡ ಅದು. ಆರು ಸಿಲಿಂಡರ್‌ಗಳನ್ನು ಸಾಲಾಗಿ ನಿಲ್ಲಿಸಿದರೆ ಪಿಸ್ಟನ್‌ಗಳ ಏರಿಳಿತ ಒಂದಕ್ಕೊಂದು ಸರಿದೂಗಿ ಎಂಜಿನ್ ಸಮತೋಲದಲ್ಲಿರುತ್ತದೆ. ತೊಂದರೆ ಬೇರೆ ಕಡೆ ಇದೆ. ಶಾಫ್ಟ್ ಉದ್ದವಾದಷ್ಟೂ ಪ್ರತಿ ಸಿಲಿಂಡರ್‌ನಲ್ಲಿ ಇಂಧನ ಉರಿದಾಗ ಅದು ಒದ್ದೆ ಬಟ್ಟೆ ಹಿಂಡಿದಂತೆ ಚೂರು ತಿರುಚಿ ಮತ್ತೆ ಬಿಚ್ಚಿಕೊಳ್ಳುತ್ತದೆ. ಒಂದು ವೇಗಕ್ಕೆ ಬಂದಾಗ ಈ ತಿರುಚಾಟ ಲಯ ಹಿಡಿದು ಬೆಳೆಯುತ್ತದೆ. ಉಕ್ಕು ಅಲ್ಲಿ ಸೋಲುತ್ತದೆ. ಈ ಕಾರನ್ನು ವಿನ್ಯಾಸ ಮಾಡಿದ ಹೆನ್ರಿ ರಾಯ್ಸ್ ಅವರ ಹಿಂದಿನ ಆರು ಸಿಲಿಂಡರ್ ಕಾರಿನಲ್ಲಿ, ಅಂದರೆ 30 ಅಶ್ವಶಕ್ತಿಯದರಲ್ಲಿ, ಶಾಫ್ಟ್‌ಗಳು ಮುರಿದದ್ದು ಹೀಗೆಯೇ.

ಆ ಎಂಜಿನ್‌ನಲ್ಲಿ ಸಿಲಿಂಡರ್‌ಗಳು ಎರಡೆರಡರಂತೆ ಮೂರು ಎರಕದ ಬ್ಲಾಕ್‌ಗಳಲ್ಲಿದ್ದವು. ಗೋಸ್ಟ್‌ಗೆ ರಾಯ್ಸ್ ಮೂರು ಮೂರರಂತೆ ಎರಡೇ ಬ್ಲಾಕ್ ಎರೆಸಿದರು. ಶಾಫ್ಟ್ ದಪ್ಪವಾಯಿತು, ಅದನ್ನು ಹಿಡಿಯಲು ಏಳು ಬೇರಿಂಗ್‌ಗಳು ಬಂದವು. ಎಣ್ಣೆಯನ್ನು ಚಿಮುಕಿಸುವ ರೂಢಿಯ ಕಾಲದಲ್ಲಿ ಅವರು ಒತ್ತಡದಿಂದಲೇ ಬೇರಿಂಗ್‌ಗೆ ಉಣಿಸಿದರು. 7,036 ಸಿಸಿಯ ಆ ಎಂಜಿನ್ ಕೊಡುತ್ತಿದ್ದದ್ದು ಸುಮಾರು 48 ಅಶ್ವಶಕ್ತಿ. ಇಂದಿನ ಸಣ್ಣ ಕಾರು ಕೂಡ ಅಷ್ಟು ಕೊಡುತ್ತದೆ, ಆದರೆ ಏದುಸಿರು ಬಿಟ್ಟು.

ಸಿಲಿಂಡರ್‌ಗಳ ಮೇಲಿನ ಮುಚ್ಚಳವಾದ ಹೆಡ್ ಮತ್ತು ಬ್ಲಾಕ್ ಒಂದೇ ಎರಕ. ಹಾಗಾಗಿ ಅವೆರಡರ ನಡುವೆ ಸೋರದಂತೆ ಇಡುವ ಹೆಡ್ ಗ್ಯಾಸ್ಕೆಟ್ ಹೋಯಿತೆಂಬ ದೂರೇ ಇಲ್ಲ. ಪಿಸ್ಟನ್ ಮೇಲಿನ ಮಸಿಯನ್ನು ಸರಿಯಾಗಿ ಕೆರೆಯಬೇಕೆಂದರೆ ಮಾತ್ರ ಇಡೀ ಬ್ಲಾಕನ್ನೇ ಎತ್ತಬೇಕು. ಸೊಂಟ ಇದ್ದವರ ಕೆಲಸ.

ಕೆಲವು ವರ್ಷಗಳ ನಂತರ ಶಾಫ್ಟ್‌ನ ಮುಂತುದಿಗೆ ಡ್ಯಾಂಪರ್ ಸೇರಿತು. ಅದು ಸ್ಪ್ರಿಂಗ್‌ಗಳ ಒತ್ತಡದಲ್ಲಿ ಹಿಡಿದಿಟ್ಟ ಪುಟ್ಟ ಚಕ್ರ. ಶಾಫ್ಟ್ ತಿರುಚಿದಾಗ ಅದು ಸ್ವಲ್ಪ ಜಾರಿ, ಉಜ್ಜಿ, ಆ ಕಂಪನವನ್ನು ಶಾಖವಾಗಿ ಕರಗಿಸುತ್ತದೆ. ಇಂಥ ಡ್ಯಾಂಪರ್ ಇರುವ ಎಂಜಿನ್ ಗಡಗಡ ಎನ್ನುತ್ತಿದೆ ಎಂದು ಯಾರಾದರೂ ಹೇಳಿದರೆ ಬೇರಿಂಗ್‌ಗೆ ಕೈಹಾಕುವ ಮೊದಲು ನಾನು ಅದರ ನಟ್‌ಗಳನ್ನು ನೋಡುತ್ತೇನೆ. ಜಾರುವುದೇ ಅದರ ಕೆಲಸ ಎಂದು ತಿಳಿಯದ ಯಾರೋ ಒಬ್ಬರು, ಸಡಿಲವಾಗಿದೆ ಎಂದುಕೊಂಡು, ಬಲವೆಲ್ಲ ಹಾಕಿ ಬಿಗಿದಿರುತ್ತಾರೆ.