ಹಾಲು ಕುಡಿದರೆ ಮೂಳೆ ಸವೆಯುತ್ತದೆಯೇ?

ಪ್ರಶ್ನೆ: ನನಗೆ 54 ವರ್ಷ, ಮುಟ್ಟು ನಿಂತು ಮೂರು ವರ್ಷವಾಯಿತು. ಮೂಳೆಗೆ ಒಳ್ಳೆಯದೆಂದು ದಿನಾ ರಾತ್ರಿ ಒಂದು ಲೋಟ ಹಾಲು ಕುಡಿಯುತ್ತೇನೆ. ಹಾಲು ರಕ್ತವನ್ನು ಆಮ್ಲೀಯವಾಗಿಸಿ ಮೂಳೆಯಲ್ಲಿರುವ ಕ್ಯಾಲ್ಸಿಯಂ ಅನ್ನೇ ಕರಗಿಸುತ್ತದೆ ಎಂಬ ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ಕುಡಿಯಲೋ, ಬಿಡಲೋ?

ಉತ್ತರ: ಹೊಟ್ಟೆಗೆ ಒಗ್ಗುತ್ತಿದ್ದರೆ ಕುಡಿಯಿರಿ. ಆದರೆ ಅದೊಂದು ಲೋಟವೇ ಮೂಳೆ ಕಾಯುತ್ತದೆ ಅಂತ ನಿಶ್ಚಿಂತರಾಗಬೇಡಿ.

ಆಮ್ಲದ ಕಥೆಗೆ ಒಂದು ಎಳೆ ಸತ್ಯವಿದೆ, ಅದಕ್ಕೇ ಅದು ಇಷ್ಟು ಓಡುತ್ತದೆ. ಹಾಲಿನಲ್ಲೂ ಇರುವ ಪ್ರೊಟೀನ್ ಅನ್ನು ಜಾಸ್ತಿ ತಿಂದವರ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚುವುದನ್ನು ಸಂಶೋಧಕರು ದಶಕಗಳ ಹಿಂದೆಯೇ ಕಂಡಿದ್ದರು. ಪ್ರೊಟೀನ್‌ನಿಂದ ಹುಟ್ಟುವ ಆಮ್ಲವನ್ನು ತಣಿಸಲು ಮೂಳೆಯೇ ಕರಗಿ ಹೋಗುತ್ತಿರಬೇಕು ಎಂದು ಆಗ ಊಹಿಸಿದರು. ಆಮೇಲೆ ದೇಹದೊಳಗೆ ಎಲ್ಲಿ ಹೋಯಿತೆಂದು ತಿಳಿಯುವಂತೆ ಗುರುತಿಟ್ಟ ಕ್ಯಾಲ್ಸಿಯಂ ಕೊಟ್ಟು ಅದರ ಬೆನ್ನುಹತ್ತಿದಾಗ ಬೇರೆಯದೇ ಕಂಡಿತು: ಪ್ರೊಟೀನ್ ಇದ್ದಾಗ ಕರುಳು ಕ್ಯಾಲ್ಸಿಯಂ ಅನ್ನು ಹೆಚ್ಚು ಹೀರುತ್ತದೆ, ಹಾಗೆ ಒಳಬಂದದ್ದರಲ್ಲಿ ಒಂದಿಷ್ಟು ಮೂತ್ರದಲ್ಲಿ ಹೊರಹೋಗುತ್ತದೆ. ಇನ್ನು ರಕ್ತದ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 7.35ರಿಂದ 7.45ರ ಆಚೀಚೆ ಹೋಗದಂತೆ ಶ್ವಾಸಕೋಶ, ಮೂತ್ರಪಿಂಡಗಳು ಹಗಲಿರುಳು ಕಾಯುತ್ತಿರುತ್ತವೆ. ಒಂದು ಲೋಟ ಹಾಲಿಗೆ ಅದನ್ನು ಕದಲಿಸುವ ತಾಕತ್ತಿಲ್ಲ.

ಇಂಥ ವಿಡಿಯೊಗಳ ಇನ್ನೊಂದು ಅಸ್ತ್ರ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನ. ಸುಮಾರು 61 ಸಾವಿರ ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿದಾಗ, ದಿನಕ್ಕೆ ಮೂರು ಲೋಟ ಅಥವಾ ಅದಕ್ಕಿಂತ ಹೆಚ್ಚು ಹಾಲು ಕುಡಿಯುತ್ತಿದ್ದವರಲ್ಲಿ ಸೊಂಟದ ಮೂಳೆ ಮುರಿತ ಹೆಚ್ಚಿತ್ತು. ಇದು ನಿಜ. ಆದರೆ ಮೂಳೆ ಟೊಳ್ಳಾಗುತ್ತಿದೆ ಎಂಬ ಹೆದರಿಕೆಯಿಂದಲೇ ಹೆಚ್ಚು ಹಾಲು ಕುಡಿದವರು ಅದರಲ್ಲಿ ಎಷ್ಟಿದ್ದರೋ, ಇಂಥ ಅಧ್ಯಯನದಿಂದ ಬೇರ್ಪಡಿಸಿ ಹೇಳಲಾಗದು. ಎಚ್ಚರದಿಂದ ಓದಿಕೊಳ್ಳಿ ಎಂದು ಬರೆದವರೇ ಹೇಳಿದ್ದರು. ಮೊಸರಿನಂಥ ಹುಳಿಹಾಲು, ಚೀಸ್ ತಿಂದವರಲ್ಲಿ ಮುರಿತ ಕಡಿಮೆ ಇತ್ತು ಎಂಬ ಅದೇ ಅಧ್ಯಯನದ ಮಾತನ್ನು ವಿಡಿಯೊದವರು ಯಾಕೋ ಹೇಳುವುದಿಲ್ಲ.

ನನಗೆ ಹೆಚ್ಚು ಭಾರವಾಗಿ ಕಾಣುವುದು ಆಸ್ಟ್ರೇಲಿಯಾದಿಂದ 2021ರಲ್ಲಿ ಬಂದ ಫಲಿತಾಂಶ. ಅದು ಬರೀ ಗಮನಿಸಿ ಬರೆದದ್ದಲ್ಲ, ಪ್ರಯೋಗ. 60 ವೃದ್ಧಾಶ್ರಮಗಳು, ಏಳು ಸಾವಿರಕ್ಕೂ ಹೆಚ್ಚು ಹಿರಿಯರು. ಅರ್ಧದಷ್ಟು ಆಶ್ರಮಗಳಲ್ಲಿ ಎರಡು ವರ್ಷ ಹಾಲು, ಮೊಸರು, ಚೀಸ್ ಹೆಚ್ಚಿಸಿದರು. ದಿನಕ್ಕೆ 700 ಮಿಲಿಗ್ರಾಂ ಇದ್ದ ಕ್ಯಾಲ್ಸಿಯಂ 1,100 ದಾಟಿತು. ಒಟ್ಟು ಮೂಳೆ ಮುರಿತ ಮೂರನೇ ಒಂದರಷ್ಟು ಇಳಿಯಿತು, ಸೊಂಟದ್ದು ಇನ್ನೂ ಹೆಚ್ಚು. ಅವರು ಬೀಳುವುದೂ ಕಡಿಮೆಯಾಯಿತು. ನೆನಪಿಡಬೇಕಾದ್ದೇನೆಂದರೆ, ಅವರಿಗೆ ಕ್ಯಾಲ್ಸಿಯಂ, ಪ್ರೊಟೀನ್ ಎರಡೂ ಸಾಲುತ್ತಿರಲಿಲ್ಲ. ವಿಟಮಿನ್ ಡಿ ಮಾತ್ರ ಸಾಕಷ್ಟಿತ್ತು. ಕೊರತೆ ಇದ್ದಲ್ಲಿ ಹಾಲು ಕೆಲಸ ಮಾಡಿತು. ಹೊಟ್ಟೆ ತುಂಬ ಕ್ಯಾಲ್ಸಿಯಂ ಉಂಡವರು ಇನ್ನೊಂದು ಲೋಟ ಸುರಿದುಕೊಂಡರೆ ಇದೇ ಲಾಭ ಬರುತ್ತದೆಂದಲ್ಲ.

ನಿಮ್ಮ ಲೆಕ್ಕಕ್ಕೆ ಬರೋಣ. ಮುಟ್ಟು ನಿಂತ ಮಹಿಳೆಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. 200 ಎಂಎಲ್ ಹಾಲಿನಲ್ಲಿ ಸಿಗುವುದು ಸುಮಾರು 240, ಅಂದರೆ ಐದರಲ್ಲೊಂದು ಪಾಲು. ಉಳಿದದ್ದು ಊಟದಿಂದ ಬರಬೇಕು. 100 ಗ್ರಾಂ ರಾಗಿಯಲ್ಲಿ 350ರ ಆಸುಪಾಸು ಇದೆ. ರಾಗಿಯಲ್ಲೇ ಇರುವ ಫೈಟೇಟ್ ಎಂಬ ಅಂಶ ಅದರಲ್ಲಿ ಒಂದಷ್ಟನ್ನು ಕಟ್ಟಿಹಾಕುತ್ತದೆ, ಮೊಳಕೆ ಕಟ್ಟಿದರೆ ಅಥವಾ ಅಂಬಲಿಯಂತೆ ಹುಳಿ ಬರಿಸಿದರೆ ಆ ಕಟ್ಟು ಸಡಿಲವಾಗುತ್ತದೆ. ಮುದ್ದೆ, ಹುರುಳಿ ಸಾರು, ಕೊನೆಗೆ ಮೊಸರು ಎಂಬ ಊಟ ಮೂಳೆಯ ಮಟ್ಟಿಗೆ ಯಾವ ಡಯಟ್ ಚಾರ್ಟಿಗೂ ಕಡಿಮೆಯಿಲ್ಲ. ಮೊಸರು ಅಂದೆ, ಊರೆಲ್ಲ ನೀರು ಬೆರೆಸಿದ ಮಜ್ಜಿಗೆಯನ್ನಲ್ಲ. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದ್ದರೂ ಸೊಪ್ಪಿನಲ್ಲೇ ಇರುವ ಆಕ್ಸಲೇಟ್ ಎಂಬ ಅಂಶ ಅದನ್ನು ಬಿಟ್ಟುಕೊಡುವುದಿಲ್ಲ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೂ ಮೊಸರು ಸಾಮಾನ್ಯವಾಗಿ ಒಗ್ಗುತ್ತದೆ.

ನಿಮ್ಮ ವಯಸ್ಸಿನಲ್ಲಿ ಮೂಳೆ ತೆಳುವಾಗುವುದಕ್ಕೆ ದೊಡ್ಡ ಕಾರಣ ಈಸ್ಟ್ರೋಜನ್ ಹಾರ್ಮೋನು ಇಳಿದಿರುವುದು. ಹಾಲು ಅದನ್ನು ತಡೆಯಲಾರದು. ದಿನಾ ನಡೆಯಿರಿ, ಮೆಟ್ಟಿಲು ಹತ್ತಿ, ಸ್ವಲ್ಪ ಭಾರ ಎತ್ತಿ, ಬಿಸಿಲು ಕಾಣಿ. ನಿಮ್ಮ ತಾಯಿಗೆ ಸೊಂಟದ ಮೂಳೆ ಮುರಿದಿತ್ತೇ? ಸಣ್ಣ ಬೀಳುವಿಕೆಗೇ ನಿಮ್ಮ ಮಣಿಕಟ್ಟು ಮುರಿದದ್ದುಂಟೇ? ಹಾಗಿದ್ದರೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬಗ್ಗೆ ವೈದ್ಯರನ್ನು ಕೇಳಿ. ಥೈರಾಯ್ಡ್ ಅಥವಾ ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಅದನ್ನು ಹಾಲಿನ ಜೊತೆ ನುಂಗಬೇಡಿ, ನೀರಿನಲ್ಲಿ ನುಂಗಿ. ಹಾಲು ರಾತ್ರಿಗೇ ಇರಲಿ.