ಟ್ರೇಡ್ ಆದ ಆಟಗಾರ ಮೊದಲ ವಾರ ಯಾಕೆ ತಡವರಿಸುತ್ತಾನೆ?

ಬ್ಯಾಸ್ಕೆಟ್‌ಬಾಲ್ ಕ್ಲಾಸಿನಲ್ಲಿ, ಆಟಗಾರ ತಂಡ ಬದಲಿಸುವ ಭಾಗವನ್ನು ಒಂದೇ ಸಾಲಿನಲ್ಲಿ ಮುಗಿಸಿದರು. "ಆಟಗಾರ ಹೊಸ ತಂಡಕ್ಕೆ ಹೊಂದಿಕೊಳ್ಳಬೇಕು" ಅಂತ ಬರೆಸಿದರು, ಮುಂದಿನ ಪುಟಕ್ಕೆ ಹೋದರು. ಹೊಂದಿಕೊಳ್ಳುವುದು ಅಂದರೆ ಎಂತ ಮಾಡುವುದು, ಅದೇ ಅಲ್ವಾ ಪ್ರಶ್ನೆ? ನನಗೆ ತಿಳಿದಷ್ಟು ಬರೆದಿಡುತ್ತೇನೆ.

ಮೊದಲು ಟ್ರೇಡ್ ಅಂದರೆ ಏನು ಅನ್ನೋದು. ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ತಂಡ ತನ್ನ ಆಟಗಾರನನ್ನು ಇನ್ನೊಂದು ತಂಡಕ್ಕೆ ಕೊಡುತ್ತದೆ. ಬದಲಿಗೆ ಬೇರೆ ಆಟಗಾರರನ್ನೋ ಮುಂದಿನ ವರ್ಷಗಳ ಡ್ರಾಫ್ಟ್ ಸರದಿಯನ್ನೋ ತೆಗೆದುಕೊಳ್ಳುತ್ತದೆ (ಡ್ರಾಫ್ಟ್ ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು). ಒಪ್ಪಂದ, ಸಂಬಳ ಎಲ್ಲ ಇದ್ದ ಹಾಗೆಯೇ ಹೊಸ ತಂಡದ ಲೆಕ್ಕಕ್ಕೆ ಹೋಗುತ್ತದೆ. ಆಟಗಾರನನ್ನು ಕೇಳಲೇಬೇಕು ಅಂತಿಲ್ಲ. "ನಾ ಹೋಗೋದಿಲ್ಲ" ಅನ್ನುವ ಹಕ್ಕು ಇರುವವರು ಬೆರಳೆಣಿಕೆಯ ಜನ. ಸಾಮಾನ್ಯವಾಗಿ ಫೆಬ್ರವರಿವರೆಗೂ ಈ ಅದಲುಬದಲು ನಡೆಯುತ್ತದೆ, ಅಂದರೆ ಸೀಸನ್ ಅರ್ಧ ದಾಟಿದ ಮೇಲೂ. ಒಟ್ಟು 82 ಪಂದ್ಯ, ವಾರಕ್ಕೆ ಮೂರು-ನಾಲ್ಕು. ಹೊಸಬನನ್ನು ಕೂರಿಸಿಕೊಂಡು ಕಲಿಸಲು ಯಾರಿಗೂ ಪುರುಸೊತ್ತಿಲ್ಲ. ವಿಡಿಯೊ ನೋಡಿಕೋ, ಸಂಜೆ ಆಡು.

ನಮ್ಮ ಜಿಲ್ಲೆಯವರಿಗೆ ಇದು ಬೇಗ ಅರ್ಥವಾಗಬೇಕು. ಒಂದು ಯಕ್ಷಗಾನ ಮೇಳ ಬಿಟ್ಟು ಇನ್ನೊಂದಕ್ಕೆ ಸೇರಿದ ವೇಷಧಾರಿಗೆ ಕುಣಿತ ಮರೆತಿರುವುದಿಲ್ಲ, ಪ್ರಸಂಗವೂ ಬಾಯಿಪಾಠ. ಆದರೆ ಈ ಭಾಗವತರು ಪದ್ಯವನ್ನು ಎಷ್ಟು ಎಳೆಯುತ್ತಾರೆ, ಎದುರಿನ ವೇಷ ಮಾತನ್ನು ಎಲ್ಲಿ ಬಿಟ್ಟುಕೊಡುತ್ತದೆ ಅನ್ನೋದು ಹೊಸತು. ಬ್ಯಾಸ್ಕೆಟ್‌ಬಾಲ್‌ನಲ್ಲೂ ಹಾಗೆಯೇ. ರಿಂಗ್ ಎಲ್ಲ ಊರಲ್ಲೂ 10 ಅಡಿ ಎತ್ತರದಲ್ಲೇ ಇರುತ್ತದೆ. ಶೂಟಿಂಗ್ ಮರೆತುಹೋಗುವುದಿಲ್ಲ. ತಪ್ಪುವುದು ಅರ್ಧ ಸೆಕೆಂಡಿನ ಲೆಕ್ಕ.

ಆ ಅರ್ಧ ಸೆಕೆಂಡು ಜಾಸ್ತಿ ತಪ್ಪುವುದು ಡಿಫೆನ್ಸ್‌ನಲ್ಲಿ. ಸ್ಕ್ರೀನ್ ಗೊತ್ತಲ್ಲ? ಎದುರಾಳಿಯ ದೊಡ್ಡ ಆಳು ನಿಮ್ಮ ದಾರಿಗೆ ಅಡ್ಡ ನಿಲ್ಲುತ್ತಾನೆ, ನೀವು ಕಾವಲು ಕಾಯುತ್ತಿದ್ದವನು ಚೆಂಡು ಹಿಡಿದು ಪಕ್ಕದಿಂದ ನುಸುಳುತ್ತಾನೆ. ಇದಕ್ಕೆ ಒಂದು ಉತ್ತರ ಡ್ರಾಪ್. ನಿಮ್ಮ ತಂಡದ ಎತ್ತರದವನು ರಿಂಗಿನ ಹತ್ತಿರ ಹಿಂದಕ್ಕೆ ನಿಲ್ಲುತ್ತಾನೆ, ನೀವು ಸ್ಕ್ರೀನ್ ಸುತ್ತಿಕೊಂಡು ಬಂದು ನೀವು ಕಾಯುತ್ತಿದ್ದವನ ಬೆನ್ನು ಹತ್ತುತ್ತೀರಿ. ಇನ್ನೊಂದು ಸ್ವಿಚ್. ಇಬ್ಬರೂ ಆಳು ಬದಲಿಸಿಕೊಳ್ಳುತ್ತೀರಿ. ಎರಡೂ ಸರಿಯೇ. ಆದರೆ ವರ್ಷಗಟ್ಟಲೆ ಡ್ರಾಪ್ ಆಡಿದವನು ಸ್ವಿಚ್ ಮಾಡುವ ತಂಡಕ್ಕೆ ಬಂದರೆ? ಕಾಲು ಹಳೇ ಅಭ್ಯಾಸಕ್ಕೆ ಓಡುತ್ತದೆ. ಒಬ್ಬನ ಹಿಂದೆ ಇಬ್ಬರು, ಇನ್ನೊಬ್ಬ ರಿಂಗಿನ ಕೆಳಗೆ ಒಬ್ಬಂಟಿ. ಎರಡು ಪಾಯಿಂಟ್ ಪುಕ್ಕಟೆ.

ಇಲ್ಲಿ ನನ್ನದೇ ಕಥೆ ಒಂದು. ನಾನು ಶಿರಸಿಯಲ್ಲಿ ಆಡಿ ಬಂದವನು. ಕಾರವಾರದಲ್ಲಿ ಸೇರಿದ ತಂಡದ ಹುಡುಗರು ಮನೆಯಲ್ಲೂ ಕೋರ್ಟಿನಲ್ಲೂ ಕೊಂಕಣಿ. ಸ್ಕ್ರೀನ್ ಯಾವ ಕಡೆಯಿಂದ ಬರುತ್ತಿದೆ ಅಂತ ಹಿಂದಿನವನು ಕೂಗಿ ಹೇಳಬೇಕು. ಮೊದಲ ದಿನ ಹಿಂದಿನಿಂದ "ದಾವೆ! ದಾವೆ!" ಅಂತ ಕೇಳಿತು. ನನ್ನ ತಲೆಗೆ ಬಂದದ್ದು ಜಮೀನಿನ ದಾವೆ. ಯಾರ ಮೇಲೆ ಯಾರು ಹಾಕಿದರು ಅಂತ ಯೋಚಿಸುವಷ್ಟರಲ್ಲಿ ಎಡ ಭುಜಕ್ಕೆ ಗೋಡೆ ಬಡಿದ ಹಾಗಾಯ್ತು. ದಾವೆ ಅಂದರೆ ಎಡ. "ಎಂತ ಮಾರಾಯ, ಕೂಗಿದ್ದು ಕೇಳ್ಲಿಲ್ವಾ?" ಅಂತ ಕ್ಯಾಪ್ಟನ್. ಕೇಳಿತ್ತು, ಅದೇ ತಾನೆ ತೊಂದರೆ. ಎನ್‌ಬಿಎಯಲ್ಲಿ ಎಲ್ಲರೂ ಮಾತಾಡುವುದು ಇಂಗ್ಲಿಷೇ ಇರಬಹುದು. ಆದರೂ ಪ್ರತಿ ತಂಡಕ್ಕೆ ತನ್ನದೇ ಕೂಗು, ತನ್ನದೇ ಸನ್ನೆ.

ಇನ್ನು ಪಾತ್ರದ ವಿಷಯ. ನನ್ನ ಪ್ರಕಾರ ಇದೇ ಕಷ್ಟದ್ದು, ಯಾಕೆಂದರೆ ಇಲ್ಲಿ ಅಹಂಕಾರ ಅಡ್ಡ ಬರುತ್ತದೆ. ಆರನ್ ಗಾರ್ಡನ್‌ನನ್ನು ನೋಡಿ. 2014ರ ಡ್ರಾಫ್ಟ್‌ನಲ್ಲಿ ನಾಲ್ಕನೆಯವನಾಗಿ ಒರ್ಲಾಂಡೊ ತಂಡಕ್ಕೆ ಬಂದ. ಅಲ್ಲಿ ಚೆಂಡು ಅವನ ಕೈಗೆ ಬರುತ್ತಿತ್ತು, ಅವನೇ ದಾರಿ ಹುಡುಕಬೇಕಿತ್ತು. 2021ರ ಮಾರ್ಚ್‌ನಲ್ಲಿ ಡೆನ್ವರ್‌ಗೆ ಟ್ರೇಡ್ ಆಯ್ತು. ಡೆನ್ವರ್‌ನಲ್ಲಿ ಆಟ ನಡೆಸುವವನು ನಿಕೋಲಾ ಯೋಕಿಚ್, ಭಾಗವತ ಅಂತಲೇ ಅನ್ನಿ. ಗಾರ್ಡನ್ ಏನು ಮಾಡಿದ? ಚೆಂಡು ಕೇಳುವುದನ್ನು ಕಡಿಮೆ ಮಾಡಿದ. ರಿಂಗಿನ ಪಕ್ಕ, ಅಂಚಿನ ಗೆರೆಯ ಹತ್ತಿರ ಸುಮ್ನೆ ನಿಂತಿರುತ್ತಾನೆ. ಅವನನ್ನು ಕಾಯುವವನು ಯೋಕಿಚ್ ಕಡೆ ಒಮ್ಮೆ ತಲೆ ತಿರುಗಿಸಿದರೆ ಸಾಕು, ಒಂದೇ ಹೆಜ್ಜೆಗೆ ರಿಂಗಿನ ಕೆಳಗೆ. ಪಾಸ್ ಅಷ್ಟರಲ್ಲಿ ಗಾಳಿಯಲ್ಲಿರುತ್ತದೆ, ಹಾರಿ ಚೆಂಡನ್ನು ರಿಂಗಿನೊಳಗೆ ತುರುಕುತ್ತಾನೆ, ಡಂಕ್. ಎದುರಾಳಿ ತಂಡದ ದೊಡ್ಡ ಸ್ಕೋರರ್‌ನನ್ನು ತಡೆಯುವ ಕೆಲಸವೂ ಹೆಚ್ಚಾಗಿ ಅವನದೇ. ಡೆನ್ವರ್ 2023ರಲ್ಲಿ ಮೊದಲ ಬಾರಿ ಚಾಂಪಿಯನ್ ಆಯ್ತು. ಮಿಯಾಮಿ ವಿರುದ್ಧದ ಫೈನಲ್ಸ್‌ನ ನಾಲ್ಕನೇ ಪಂದ್ಯದಲ್ಲಿ ಗಾರ್ಡನ್ 27 ಪಾಯಿಂಟ್ ಹೊಡೆದ. ಸ್ಕೋರ್ ಮಾಡುವುದನ್ನು ಅವನು ಬಿಟ್ಟಿರಲಿಲ್ಲ, ಅದರ ಜಾಗ ಬದಲಿಸಿದ್ದ ಅಷ್ಟೆ.

ಎಲ್ಲರಿಗೂ ಇಷ್ಟು ಸಮಯ ಬೇಕಾಗುವುದಿಲ್ಲ. ರಶೀದ್ ವಾಲೇಸ್ 2004ರ ಫೆಬ್ರವರಿಯಲ್ಲಿ ಪೋರ್ಟ್‌ಲ್ಯಾಂಡ್‌ನಿಂದ ಅಟ್ಲಾಂಟಾಕ್ಕೆ ಹೋದ, ಅಲ್ಲಿ ಒಂದೇ ಪಂದ್ಯ ಆಡಿ ಡೆಟ್ರಾಯಿಟ್‌ಗೆ ಹೋದ, ಜೂನ್‌ನಲ್ಲಿ ಚಾಂಪಿಯನ್. ಡೆಟ್ರಾಯಿಟ್ ಡಿಫೆನ್ಸ್ ನಂಬಿದ ತಂಡ, ಅವನಿಗೆ ಬರುತ್ತಿದ್ದುದೂ ಅದೇ.

ಲೂಕಾ ಡಾನ್ಸಿಚ್‌ನದು ತಿರುಗುಮುರುಗು. 2025ರ ಫೆಬ್ರವರಿಯಲ್ಲಿ ಡಲ್ಲಾಸ್ ಅವನನ್ನು ಲಾಸ್ ಏಂಜಲೀಸ್‌ನ ಲೇಕರ್ಸ್‌ಗೆ ಕೊಟ್ಟಿತು, ಬದಲಿಗೆ ಬಂದವರಲ್ಲಿ ಮುಖ್ಯ ಆಂಥನಿ ಡೇವಿಸ್. ಡಾನ್ಸಿಚ್ ಚೆಂಡು ಕೈಯಲ್ಲಿದ್ದಾಗಲೇ ದೊಡ್ಡವನು. ಲೇಕರ್ಸ್‌ನಲ್ಲಿ ಆಗಲೇ ಲೆಬ್ರಾನ್ ಜೇಮ್ಸ್ ಇದ್ದ, ಅವನೂ ಚೆಂಡು ಹಿಡಿದು ಆಡಿಸುವವನೇ. ಇಲ್ಲಿ ಹೊಸಬನಷ್ಟೇ ಅಲ್ಲ, ಹಳಬರೂ ತಮ್ಮ ಜಾಗ ಬದಲಿಸಬೇಕಾಯಿತು. ಅದರ ಮೇಲೆ ಡೇವಿಸ್ ಹೋದದ್ದರಿಂದ ರಿಂಗಿನ ಹತ್ತಿರದ ಎತ್ತರವೂ ಹೋಗಿತ್ತು. ಹೊಸ ತಂಡಕ್ಕೆ ಡಾನ್ಸಿಚ್‌ನ ಮೊದಲ ಪಂದ್ಯದಲ್ಲಿ 14 ಪಾಯಿಂಟ್. ಏಪ್ರಿಲ್‌ನಲ್ಲಿ ಡಲ್ಲಾಸ್‌ಗೇ ಆಡಲು ಹೋದಾಗ, ಪಂದ್ಯಕ್ಕೆ ಮೊದಲು ಅಲ್ಲಿ ಹಾಕಿದ ಅವನ ಹಳೇ ದಿನಗಳ ವಿಡಿಯೊ ನೋಡಿ ಅತ್ತ, ಆಮೇಲೆ 45 ಹೊಡೆದ.

ವಿಡಿಯೊ ನೋಡುವವರು ಈ ಎರಡು ಪಂದ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದು ವಿನಂತಿ: ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ. ಡಾನ್ಸಿಚ್ ಕೈಯಲ್ಲಿ ಚೆಂಡು ಇಲ್ಲದಾಗ ಅವನು ಎಲ್ಲಿ ನಿಲ್ಲುತ್ತಾನೆ, ಉಳಿದ ನಾಲ್ವರು ಅವನಿಗೆ ಕೈ ಸನ್ನೆ ಎಷ್ಟು ಸಲ ಮಾಡುತ್ತಾರೆ ಅಂತ ಬರೆದುಕೊಳ್ಳಿ. ಗುರುವಾರ ಪ್ರ್ಯಾಕ್ಟೀಸ್ ಮುಗಿದ ಮೇಲೆ ನೋಟ್ಸ್ ಹೋಲಿಸಿ ನೋಡೋಣ.