ಕೇಸು ಆಮೇಲೆ, ಮೊದಲು ಸಹಾಯ: ಕೌಟುಂಬಿಕ ಮತ್ತು ಲೈಂಗಿಕ ದೌರ್ಜನ್ಯದ ನಂತರದ ದಾರಿಗಳು

ಈ ಪಾಠ ಸಮಾಜಕಾರ್ಯ, ನರ್ಸಿಂಗ್, ಕಾನೂನು ಓದುವ ಎಲ್ಲರಿಗೂ ಬರುತ್ತದೆ. ಹೆಚ್ಚಿನವರು ಸೆಕ್ಷನ್ ನಂಬರ್ ಉರು ಹೊಡೆದು ಮುಗಿಸುತ್ತಾರೆ. ಆದರೆ ನಾಳೆ ನಮ್ಮೆದುರು ಬಂದು ಕೂರುವ ಹೆಂಗಸು ಸೆಕ್ಷನ್ ಕೇಳುವುದಿಲ್ಲ, "ಈಗ ನಾನು ಎಲ್ಲಿಗೆ ಹೋಗ್ಲಿ?" ಅಂತ ಕೇಳುತ್ತಾಳೆ. ಅದಕ್ಕೇ ಈ ಟಿಪ್ಪಣಿಯನ್ನು ಆ ಕ್ರಮದಲ್ಲೇ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಚಿಕಿತ್ಸೆ, ತಂಗಲು ಜಾಗ, ವಕೀಲರ ನೆರವು, ರಕ್ಷಣಾ ಆದೇಶ, ಇವು ಯಾವುದಕ್ಕೂ ಎಫ್‌ಐಆರ್ ಮೊದಲ ಷರತ್ತಲ್ಲ. ಪರೀಕ್ಷೆಯಲ್ಲೂ ಕೆಲಸದಲ್ಲೂ ಜಾಸ್ತಿ ಗೊಂದಲ ಆಗುವುದು ಇಲ್ಲೇ.

ಮೊದಲು ಆಸ್ಪತ್ರೆ

ಅತ್ಯಾಚಾರಕ್ಕೆ ಒಳಗಾದವರು ಸ್ಟೇಷನ್‌ಗೆ ಹೋಗದೆ ನೇರವಾಗಿ ಆಸ್ಪತ್ರೆಗೆ ಹೋಗಬಹುದು. ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿಯಾಗಲಿ, ತಕ್ಷಣ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ಇದು ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಹಳೆಯ ಸಿಆರ್‌ಪಿಸಿ ಬದಲಿಗೆ ಬಂದದ್ದು) 397ನೇ ಸೆಕ್ಷನ್. "ಮೊದಲು ಪೊಲೀಸ್ ಲೆಟರ್ ತನ್ನಿ" ಅಂತ ವಾಪಸ್ ಕಳಿಸಿದರೆ ಅದೇ ಒಂದು ಅಪರಾಧ. ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ, ಹಳೆಯ ಐಪಿಸಿ ಬದಲಿಗೆ ಬಂದದ್ದು) 200ರ ಪ್ರಕಾರ ಆಸ್ಪತ್ರೆ ನಡೆಸುವವರಿಗೆ ಒಂದು ವರ್ಷದವರೆಗೆ ಜೈಲಾಗಬಹುದು.

ಆಸ್ಪತ್ರೆಯವರು ಪೊಲೀಸರಿಗೆ ವಿಷಯ ತಿಳಿಸಬೇಕು ಅನ್ನುವುದೂ ಅದೇ 397ರಲ್ಲಿದೆ. ಹಾಗಂತ ಆಕೆ ದೂರು ಕೊಡಲೇಬೇಕು ಅಂತಲ್ಲ. ವಯಸ್ಕ ಹೆಂಗಸು "ನನಗೆ ಈಗ ದೂರು ಬೇಡ" ಅಂದರೆ ಡಾಕ್ಟರು ಅದನ್ನು ಬರೆದುಕೊಳ್ಳುತ್ತಾರೆ. ಚಿಕಿತ್ಸೆ ನಿಲ್ಲುವುದಿಲ್ಲ. 18 ವರ್ಷದೊಳಗಿನ ಮಕ್ಕಳ ವಿಷಯ ಮಾತ್ರ ಬೇರೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಲ್ಲಿ ವಿಷಯ ಗೊತ್ತಾದ ಯಾರೇ ಆದರೂ ತಿಳಿಸಲೇಬೇಕು. ಟೀಚರ್, ನರ್ಸ್, ಪಕ್ಕದ ಮನೆಯವರು, ಯಾರಿಗೂ ವಿನಾಯಿತಿ ಇಲ್ಲ.

ಇಲ್ಲಿ ಸಮಯ ತುಂಬಾ ಮುಖ್ಯ. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. 28 ದಿನ ತಪ್ಪದೆ ನುಂಗಬೇಕು. ತುರ್ತು ಗರ್ಭನಿರೋಧಕ ಮಾತ್ರೆಯೂ ಬೇಗ ಕೊಟ್ಟಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಐದು ದಿನದವರೆಗೆ ಕೊಡಬಹುದು. ಸ್ವ್ಯಾಬ್ ಸಾಕ್ಷ್ಯ (ಹತ್ತಿ ಸುತ್ತಿದ ಕಡ್ಡಿಯಿಂದ ಮೈಯಿಂದ ತೆಗೆಯುವ ಮಾದರಿ) ತೆಗೆಯಲು ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ 96 ಗಂಟೆ ಅನ್ನುತ್ತದೆ. ಗರ್ಭ ನಿಂತಿದ್ದರೆ 24 ವಾರದವರೆಗೆ ತೆಗೆಸಲು ಕಾನೂನಿನಲ್ಲಿ ಅವಕಾಶವಿದೆ. ವಯಸ್ಕಳಾದರೆ ಆಕೆಯ ಒಪ್ಪಿಗೆ ಸಾಕು, ಗಂಡನದೋ ಅಪ್ಪನದೋ ಸಹಿ ಬೇಕಿಲ್ಲ.

ಬಟ್ಟೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಆದಷ್ಟು ಮಟ್ಟಿಗೆ ಸ್ನಾನ ಮಾಡದೆ, ಬಟ್ಟೆ ಒಗೆಯದೆ ಹೋಗುವುದು ಒಳ್ಳೆಯದು. ಆ ಹೊತ್ತಿನಲ್ಲಿ ತೊಟ್ಟಿದ್ದ ಬಟ್ಟೆಗಳನ್ನು ಪ್ಲಾಸ್ಟಿಕ್ ಕವರಿಗೆ ತುರುಕಬಾರದು. ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ, ಲ್ಯಾಬಿನಲ್ಲಿ ಏನೂ ಸಿಗುವುದಿಲ್ಲ. ಒದ್ದೆ ಇದ್ದರೆ ನೆರಳಲ್ಲಿ ಆರಿಸಿ, ಒಂದೊಂದನ್ನೂ ಬೇರೆ ಬೇರೆ ಕಾಗದದ ಚೀಲದಲ್ಲಿ ಇಡಬೇಕು. ಅಷ್ಟರಲ್ಲಿ ಸ್ನಾನ ಆಗಿಹೋಗಿದ್ದರೆ? ಆಗಲೂ ಹೋಗಲೇಬೇಕು. "ಇನ್ನೇನು ಪ್ರಯೋಜನ" ಅಂತ ಮನೆಯಲ್ಲೇ ಉಳಿದುಬಿಡುವವರಿಗೆ ಮಾತ್ರೆಯೂ ತಪ್ಪುತ್ತದೆ, ಗಾಯದ ದಾಖಲೆಯೂ ತಪ್ಪುತ್ತದೆ.

ಪರೀಕ್ಷೆಯ ಪ್ರತಿ ಹಂತಕ್ಕೂ ಆಕೆಯ ಒಪ್ಪಿಗೆ ಬೇಕು. ಎರಡು ಬೆರಳಿನ ಪರೀಕ್ಷೆ, ಅಂದರೆ ಆಕೆಗೆ ಮೊದಲೇ ಲೈಂಗಿಕ ಸಂಪರ್ಕ ಇತ್ತೇ ಅಂತ ನೋಡಲು ಯೋನಿಯೊಳಗೆ ಬೆರಳು ಹಾಕುವುದು, ನಡೆಸುವಂತಿಲ್ಲ. ಸುಪ್ರೀಂ ಕೋರ್ಟ್ 2013ರಲ್ಲೇ ಅದನ್ನು ತಪ್ಪು ಅಂದಿತ್ತು. 2022ರಲ್ಲಿ, ಅದನ್ನು ಮಾಡುವವರು ದುರ್ನಡತೆಯ ತಪ್ಪಿತಸ್ಥರಾಗುತ್ತಾರೆ ಅಂತ ಇನ್ನೂ ಖಡಕ್ಕಾಗಿ ಹೇಳಿತು. ನರ್ಸಿಂಗ್ ಓದುವವರು ಇದನ್ನು ಅಂಕಕ್ಕಲ್ಲ, ಡ್ಯೂಟಿಗೆ ಅಂತ ನೆನಪಿಡಿ.

ಮನೆಯೊಳಗಿನ ಹಿಂಸೆ

ಇಲ್ಲಿ ಎರಡು ಕಾನೂನುಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಿ. ಗಂಡ ಮತ್ತು ಅವನ ಕಡೆಯವರ ಕ್ರೌರ್ಯಕ್ಕೆ ಶಿಕ್ಷೆ ಕೊಡಿಸುವುದು ಹಳೆಯ ಐಪಿಸಿಯ (ಭಾರತೀಯ ದಂಡ ಸಂಹಿತೆ) 498ಎ, ಈಗಿನ ಬಿಎನ್‌ಎಸ್ 85. ಬಿಎನ್‌ಎಸ್ ಜಾರಿಗೆ ಬಂದ 2024ರ ಜುಲೈ 1ಕ್ಕಿಂತ ಮುಂಚೆ ನಡೆದ ಅಪರಾಧಕ್ಕೆ ಈಗಲೂ ಹಳೆಯ ಐಪಿಸಿಯೇ ಅನ್ವಯ. ಇನ್ನೊಂದು, ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005. ಇದರ ಉದ್ದೇಶ ಗಂಡನನ್ನು ಜೈಲಿಗೆ ಕಳಿಸುವುದಲ್ಲ, ಹೊಡೆತ ನಿಲ್ಲಿಸುವುದು, ತಲೆ ಮೇಲಿನ ಸೂರು ಉಳಿಸುವುದು. ಹೆಂಡತಿ ಮಾತ್ರವಲ್ಲ, ತಾಯಿ, ಅಕ್ಕ-ತಂಗಿ, ಮಗಳು, ಮದುವೆಯಿಲ್ಲದೆ ದಾಂಪತ್ಯದಂತೆ ಒಟ್ಟಿಗೆ ಬಾಳುವವಳು, ಎಲ್ಲರೂ ಅರ್ಜಿ ಹಾಕಬಹುದು.

ಈ ಕಾಯ್ದೆಯಡಿ ಆಕೆಗೆ ನೆರವಾಗಬೇಕಾದವರು ಸಂರಕ್ಷಣಾಧಿಕಾರಿ. ಕರ್ನಾಟಕದಲ್ಲಿ ಅವರು ಅಂದರೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ). ಅಂಗನವಾಡಿಗಳನ್ನು ನೋಡಿಕೊಳ್ಳುವ ಅದೇ ಅಧಿಕಾರಿ. ಇದೊಂದು ಅನುಕೂಲ. ಹಳ್ಳಿಯ ಹೆಂಗಸಿಗೆ ಕೋರ್ಟ್ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೂ ಅಂಗನವಾಡಿ ಟೀಚರ್ ಗೊತ್ತಿರುತ್ತಾರೆ, ಅಲ್ವಾ? ಆದರೆ ಆ ಅಧಿಕಾರಿಯ ತಲೆ ಮೇಲೆ ಬೇರೆ ಕೆಲಸವೂ ಬೆಟ್ಟದಷ್ಟಿರುತ್ತದೆ. ಹಾಗಾಗಿ ಬೆನ್ನು ಹತ್ತಬೇಕಾಗುತ್ತದೆ.

ಅವರು ತುಂಬುವ ನಮೂನೆ 1, ಅಂದರೆ ಕೌಟುಂಬಿಕ ಘಟನಾ ವರದಿ. ಅದನ್ನು ಒಮ್ಮೆ ಪೂರ್ತಿ ಓದಿ. ಹೊಡೆಯುವುದು, ಒದೆಯುವುದು ಇದ್ದೇ ಇದೆ. ಅದರ ಜೊತೆಗೆ ಗಂಡು ಮಗು ಹೆರಲಿಲ್ಲ ಅಂತ ಹಂಗಿಸುವುದು, ಕೆಲಸಕ್ಕೆ ಹೋಗಲು ಬಿಡದಿರುವುದು, ಮನೆಯಿಂದ ಹೊರಗೆ ಹೋಗದಂತೆ ತಡೆಯುವುದು, ಊಟ-ಔಷಧಿಗೆ ದುಡ್ಡು ಕೊಡದಿರುವುದು, ಆಕೆಯ ಒಡವೆಯನ್ನು ಕೇಳದೆ ಅಡ ಇಡುವುದು, ಎಲ್ಲವೂ ಆ ಪಟ್ಟಿಯಲ್ಲಿವೆ. ಬಂದವಳು "ಅವರು ಹೊಡೆಯೋದೇನಿಲ್ಲ, ಆದ್ರೂ…" ಅಂತ ಮಾತು ನಿಲ್ಲಿಸಿದರೆ ಈ ಪಟ್ಟಿಯನ್ನು ನಿಧಾನವಾಗಿ ಓದಿ ಹೇಳಿ. ತನಗೆ ಆಗುತ್ತಿರುವುದಕ್ಕೂ ಸರ್ಕಾರಿ ಕಾಗದದಲ್ಲಿ ಜಾಗ ಇದೆ ಅಂತ ಆಗ ಆಕೆಗೆ ಗೊತ್ತಾಗುತ್ತದೆ.

ಆಮೇಲೆ ಇದೇ ಕಾಯ್ದೆಯ 12ನೇ ಸೆಕ್ಷನ್ ಅಡಿ ಮ್ಯಾಜಿಸ್ಟ್ರೇಟ್‌ಗೆ ಅರ್ಜಿ. ಆಕೆ ತವರಿಗೆ ಬಂದುಬಿಟ್ಟಿದ್ದರೆ ಅಲ್ಲೇ ಹಾಕಬಹುದು, ಗಂಡನ ಊರಿಗೆ ಅಲೆಯಬೇಕಿಲ್ಲ. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ಇತ್ಯರ್ಥ 60 ದಿನದೊಳಗೆ ಅಂತ ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಎಳೆಯುತ್ತದೆ. ಅದಕ್ಕೇ 23ನೇ ಸೆಕ್ಷನ್‌ನ ಮಧ್ಯಂತರ ಆದೇಶವನ್ನು (ಕೇಸು ಮುಗಿಯುವ ಮುಂಚೆಯೇ ಕೊಡುವ ತಾತ್ಕಾಲಿಕ ಆದೇಶ) ಮೊದಲ ದಿನವೇ ಕೇಳಬೇಕು. ಎದುರು ಪಾರ್ಟಿ ಬರದಿದ್ದರೂ ಕೋರ್ಟು ಅದನ್ನು ಕೊಡಬಹುದು. ಮನೆ ಅತ್ತೆ-ಮಾವನ ಹೆಸರಲ್ಲಿದೆ ಅನ್ನುವುದಷ್ಟೇ ಸೊಸೆಯನ್ನು ಹೊರಗೆ ಹಾಕಲು ಕಾರಣವಾಗದು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ರಕ್ಷಣಾ ಆದೇಶ ಮುರಿದರೆ ಮಾತ್ರ ಅದು ಕ್ರಿಮಿನಲ್ ವಿಷಯವಾಗುತ್ತದೆ: ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಗಂಡನೇ ಬಲವಂತ ಮಾಡಿದರೆ? ಹೆಂಡತಿಗೆ 18 ತುಂಬಿದ್ದರೆ, ಒಟ್ಟಿಗೆ ಬಾಳುವ ಗಂಡನ ಬಲಾತ್ಕಾರವನ್ನು ಬಿಎನ್‌ಎಸ್ 63 ಅತ್ಯಾಚಾರದಿಂದ ಹೊರಗಿಟ್ಟಿದೆ. ಸರಿಯಲ್ಲದ ವಿನಾಯಿತಿ ಅಂತಲೇ ನನ್ನ ಅಭಿಪ್ರಾಯ. ಆದರೆ 2005ರ ಕಾಯ್ದೆಯಲ್ಲಿ ಅದು ಲೈಂಗಿಕ ಹಿಂಸೆಯೇ. ರಕ್ಷಣೆ ಕೇಳಲು ಆ ದಾರಿ ತೆರೆದಿದೆ.

ಸ್ಟೇಷನ್

ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಎಫ್‌ಐಆರ್ ಹಾಕಿಸಬಹುದು, ಆಮೇಲೆ ಅದು ಸಂಬಂಧಪಟ್ಟ ಠಾಣೆಗೆ ಹೋಗುತ್ತದೆ. ಇದನ್ನೇ ಝೀರೋ ಎಫ್‌ಐಆರ್ ಅನ್ನುತ್ತಾರೆ. "ನಮ್ಮ ಲಿಮಿಟ್ಸ್‌ಗೆ ಬರಲ್ಲ" ಅನ್ನುವಂತಿಲ್ಲ. ಎಫ್‌ಐಆರ್ ಪ್ರತಿ ಉಚಿತ. ಅತ್ಯಾಚಾರದ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಹೇಳಿಕೆಯನ್ನು ಆಕೆಯ ಮನೆಯಲ್ಲಿ ಅಥವಾ ಆಕೆ ಹೇಳಿದ ಜಾಗದಲ್ಲಿ ಪಡೆಯಬೇಕು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಬರೆದು ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬಹುದು.

ಮನೆಯ ಹಿಂಸೆಯ ದೂರುಗಳಲ್ಲಿ ತೊಡಕು ಬೇರೆ ಥರ. "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಅನ್ನುವ ಗಾದೆ ಠಾಣೆಯ ಬೆಂಚಿನ ಮೇಲೂ ಕೂತಿರುತ್ತದೆ. ಇಬ್ಬರನ್ನೂ ಕರೆಸಿ ಬುದ್ಧಿ ಹೇಳಿ, ಒಂದು ಎನ್‌ಸಿಆರ್ (ಸಣ್ಣ, ಅಸಂಜ್ಞೇಯ ಅಪರಾಧ ಅಂತ ಬರೆದುಕೊಂಡ ಚೀಟಿ) ಕೊಟ್ಟು ಕಳಿಸುವುದುಂಟು. ಆ ಚೀಟಿ ಎಫ್‌ಐಆರ್ ಅಲ್ಲ. ಆದರೂ ಎಸೆಯಬೇಡಿ. ಮುಂದೆ ಮ್ಯಾಜಿಸ್ಟ್ರೇಟ್ ಎದುರು ಅದೂ ಒಂದು ದಾಖಲೆಯೇ.

ಕೈಯಲ್ಲಿ ಇರಬೇಕಾದವು

ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098, ಕಾನೂನು ನೆರವಿಗೆ 15100. ಉಚಿತ ವಕೀಲರನ್ನು ಪಡೆಯಲು ಹೆಂಗಸರಿಗೆ ಆದಾಯದ ಮಿತಿ ಇಲ್ಲ. ಇದನ್ನು ಎಷ್ಟೋ ಜನ ಬಿಪಿಎಲ್ ಕಾರ್ಡಿಗೆ ಜೋಡಿಸಿಬಿಡುತ್ತಾರೆ, ಹಾಗೇನಿಲ್ಲ. ಸಖಿ ಒನ್ ಸ್ಟಾಪ್ ಸೆಂಟರ್‌ನಲ್ಲಿ ಚಿಕಿತ್ಸೆ, ಪೊಲೀಸ್, ವಕೀಲರು, ಕೌನ್ಸೆಲಿಂಗ್ ಎಲ್ಲದಕ್ಕೂ ಒಂದೇ ಕಡೆ ನೆರವು ಸಿಗುತ್ತದೆ. ಐದು ದಿನದವರೆಗೆ ತಂಗಬಹುದು. ಅದಕ್ಕಿಂತ ಜಾಸ್ತಿ ದಿನಕ್ಕೆ ಶಕ್ತಿ ಸದನದಂಥ ಆಶ್ರಯ ಕೇಂದ್ರ.

ಆಕೆ ಇನ್ನೂ ಅದೇ ಮನೆಯಲ್ಲಿದ್ದರೆ, ಕರೆ ಮಾಡಿದ ನಂಬರ್ ಫೋನಿನಲ್ಲಿ ಉಳಿಯುತ್ತದೆ ಅಂತ ನೆನಪಿಸಿ. ನಂಬಿಕೆಯ ನೆರೆಯವರ ಫೋನೇ ವಾಸಿ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಮಾರ್ಕ್ಸ್ ಕಾರ್ಡ್, ಮದುವೆಯ ಫೋಟೋ ಅಥವಾ ಲಗ್ನಪತ್ರಿಕೆ, ಇವುಗಳ ಪ್ರತಿ ಹೊರಗೆ ಒಬ್ಬರ ಹತ್ತಿರ ಇರಲಿ. ಹೊರಡುವ ದಿನ ಹುಡುಕುತ್ತಾ ನಿಲ್ಲಲು ಆಗುವುದಿಲ್ಲ. ಕಾಯ್ದೆಯ ನಿಯಮಗಳಲ್ಲಿ ನಮೂನೆ 5 ಅಂತ ಒಂದಿದೆ, ಸುರಕ್ಷತಾ ಯೋಜನೆ. ಯಾವುದಕ್ಕೆ ಹೆದರುತ್ತಾಳೆ, ಅದಕ್ಕೆ ಏನು ಮಾಡಬೇಕು ಅಂತ ಎದುರುಬದುರು ಕಾಲಂ. ಫೀಲ್ಡ್‌ವರ್ಕ್‌ಗೆ ಹೋಗುವ ಮುಂಚೆ ಅದರ ಒಂದು ಪ್ರತಿ ತೆಗೆದುಕೊಂಡು, ಒಂದು ಕಲ್ಪಿತ ಪ್ರಕರಣಕ್ಕೆ ತುಂಬಿ ನೋಡಿ.